ಆ ತೆನೆ ಯಾರ ಮನೆಗೆ ಹೋಯ್ತು?

ಮಿರ್ಜಾನ ನಮ್ಮೂರು ಅಂದ ಕೂಡಲೇ ಎಲ್ಲರೂ ಕೇಳುವುದು ಕೋಟೆಯ ಬಗ್ಗೆ. ಮಳೆಗಾಲದಲ್ಲಿ ಹಸಿರು ಪಾಚಿ ಹೊದ್ದು ನಿಂತ ಆ ಚಿರೇಕಲ್ಲಿನ ಗೋಡೆಗಳ ಫೋಟೋ ನೀವೂ ನೋಡಿರುತ್ತೀರಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ, ಪೋರ್ಚುಗೀಸರು ಅವಳಿಗೆ ಇಟ್ಟ 'ಕಾಳುಮೆಣಸಿನ ರಾಣಿ' ಎಂಬ ಹೆಸರು, ಹೊಳೆ ದಾಟಿ ಸಮುದ್ರ ಸೇರುತ್ತಿದ್ದ ಮೆಣಸು... ಇಷ್ಟು ಕತೆ ಎಲ್ಲರಿಗೂ ಗೊತ್ತು. ಆದರೆ ಕೋಟೆ ಬಿಟ್ಟು ಅಘನಾಶಿನಿ ಹೊಳೆಯ ಕಡೆ ಇಳಿದರೆ ಸಿಗುವ ಗಜನಿ ಗದ್ದೆಗಳ ಬಗ್ಗೆ ಇಲ್ಲಿಯವರೆಗೆ ನನ್ನನ್ನು ಯಾರೂ ಕೇಳಿದ್ದಿಲ್ಲ.

ಇವತ್ತು ಯಾರೂ ಕೇಳದಿದ್ದರೂ ಹೇಳುತ್ತೇನೆ. ಯಾಕೆಂದರೆ ಒಂದು ಹಾಡು ಕೆಲವು ತಿಂಗಳಿಂದ ನನ್ನ ತಲೆಯೊಳಗೆ ಕೂತುಬಿಟ್ಟಿದೆ. ಅದು ನಮ್ಮ ಮನೆಯಲ್ಲಿ ಯಾಕೆ ಉಳಿಯಿತು ಅಂತ ಹೇಳಬೇಕಾದರೆ ಗಜನಿಯ ಕತೆಯನ್ನೂ ಹೇಳಬೇಕು.

ಹಾಡು ನಿಮಗೂ ಗೊತ್ತಿರುವುದೇ. ದಿನಕರ ದೇಸಾಯಿಯವರ 'ನನ್ನ ದೇಹದ ಬೂದಿ'. ಸತ್ತ ಮೇಲೆ ನನ್ನ ಬೂದಿಯನ್ನು ಏನು ಮಾಡಬೇಕು ಅಂತ ಒಬ್ಬ ಮನುಷ್ಯ ಹೇಳಿಹೋಗುವ ಹಾಡು. ಮೊದಲು ಭತ್ತ ಬೆಳೆಯುವ ಜಾಗದ ಮಾತು ಬರುತ್ತದೆ, ಗೊಬ್ಬರವಾಗಿ ಒಂದು ತೆನೆ ಎದ್ದರೂ ಸಾಕು ಅಂತ. ಆಮೇಲೆ ಹೊಳೆ, ಅಲ್ಲಿಯ ಮೀನು. ಆಮೇಲೆ ಕೊಳ, ತಾವರೆ. ಪ್ರತಿ ಸಲವೂ ಮಾತು ಬಂದು ನಿಲ್ಲುವುದು ಒಂದೇ ಕಡೆ: ಹುಟ್ಟಿ ಸತ್ತದ್ದಕ್ಕೆ ಅಷ್ಟಾದರೂ ಅರ್ಥ ಬಂತಲ್ಲ ಎಂಬಲ್ಲಿಗೆ.

ನೋಡಿದರೆ ಇಡೀ ಹಾಡಿನಲ್ಲಿ ಬಡತನದ ದೂರಿಲ್ಲ, ಸಿಟ್ಟಿಲ್ಲ, ಕಣ್ಣೀರಿಲ್ಲ. ಆದರೂ ನಮ್ಮ ಕಡೆ ಇದನ್ನು ಬಡವರ ಹಾಡು ಅಂತಲೇ ಕೇಳಿಸಿಕೊಂಡರು. ಕನಿಷ್ಠ ನಮ್ಮ ಮನೆಯಲ್ಲಂತೂ ಹಾಗೇ. ಅದಕ್ಕೆ ಕಾರಣ ನನ್ನ ಅಜ್ಜಿ.

ಅಜ್ಜಿಯ ವಿಷಯಕ್ಕೆ ಬರುವ ಮೊದಲು ದೇಸಾಯಿಯವರ ಬಗ್ಗೆ ಸ್ವಲ್ಪ. ನಮ್ಮಲ್ಲಿ ಬಹಳ ಜನರಿಗೆ ಅವರು ಗೊತ್ತಿರುವುದು ಚುಟುಕದ ಕವಿಯಾಗಿ, ಇಲ್ಲವೇ ಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಗಡಿಯಾರದ ಪದ್ಯದ ಕವಿಯಾಗಿ. ಹುಟ್ಟಿದ್ದು 1909ರಲ್ಲಿ, ಪಕ್ಕದ ಅಂಕೋಲಾ ತಾಲೂಕಿನಲ್ಲಿ, ಶಾಲಾ ಮಾಸ್ತರರ ಮಗನಾಗಿ. ಮುಂಬೈಯಲ್ಲಿ ಇತಿಹಾಸ, ಕಾನೂನು ಓದಿದರು. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರ ಮೇಲೆ ಸಂಶೋಧನೆ ಮಾಡಿದವರು ಅವರು, ಗೊತ್ತಾ? ಆರಾಮಾಗಿ ಪ್ರೊಫೆಸರ್ ಆಗಬಹುದಿತ್ತು. ಆಗಲಿಲ್ಲ. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜ ಸೇರಿ, ಮುಂಬೈ ಬಂದರಿನಲ್ಲಿ ಹಡಗು ಕಾರ್ಮಿಕರ ಸಂಘದ ಕೆಲಸಕ್ಕೆ ನಿಂತರು.

ಅಲ್ಲಿದ್ದುಕೊಂಡೇ ಊರಿನ ರೈತರನ್ನೂ ಸೇರಿಸತೊಡಗಿದರು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು, 1932ರ ಕರನಿರಾಕರಣೆಯಲ್ಲಿ ಜನ ಮನೆಮಾರು ಕಳೆದುಕೊಂಡಿದ್ದರು. ಸರ್ಕಾರಕ್ಕೆ ಕೊಡುವ ಕರದ ಪ್ರಶ್ನೆ ಹಾಗೆ ಎದ್ದಿತ್ತು. ಒಡೆಯನ ಅಂಗಳಕ್ಕೆ ಹೋಗುವ ಗೇಣಿಯ ಪ್ರಶ್ನೆಯನ್ನು ಎತ್ತಿದ್ದು ದೇಸಾಯಿಯವರ ರೈತಕೂಟ. ಪರಿಣಾಮ ಏನಾಯಿತು ಅಂದರೆ, 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಐದು ವರ್ಷ ಸ್ವಂತ ಊರಿಗೆ ಕಾಲಿಡುವ ಹಾಗಿರಲಿಲ್ಲ. ಆ ಹಾಡಿನಲ್ಲಿ ಬರುವ ಗದ್ದೆ, ಹೊಳೆಗಳೆಲ್ಲ ಹಾಗೆ ಊರಿಂದ ದೂರ ಇಟ್ಟವನೊಬ್ಬನ ಗದ್ದೆ ಹೊಳೆಗಳು ಅಂತ ನೆನೆಸಿಕೊಂಡರೆ ಹಾಡಿನ ತೂಕವೇ ಬೇರೆಯಾಗುತ್ತದೆ.

ಈಗ ಗಜನಿ. ಸಮುದ್ರದ ಉಬ್ಬರದಲ್ಲಿ ಉಪ್ಪುನೀರು ಹೊಳೆಗುಂಟ ಒಳಗೆ ಬರುವ ತಗ್ಗು ಭೂಮಿ ಅದು. ಸುತ್ತ ಮಣ್ಣಿನ ಒಡ್ಡು, ಒಡ್ಡಿನಲ್ಲಿ ನೀರು ಬಿಡುವ, ತಡೆಯುವ ಹಲಗೆ ಬಾಗಿಲು. ಮಳೆನೀರು ಬಿದ್ದು ಮಣ್ಣಿನ ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ, ಆಳೆತ್ತರ ಬೆಳೆಯುವ ತಳಿ. ಕೊಯ್ಲಿನ ಹೊತ್ತಿಗೂ ಗದ್ದೆಯಲ್ಲಿ ನೀರಿರುತ್ತದೆ, ಆ ನೀರಿನಲ್ಲೇ ನಿಂತು ತೆನೆಯನ್ನಷ್ಟೇ ಕೊಯ್ಯುವುದು. ಉಳಿದ ಹುಲ್ಲು ಅಲ್ಲೇ ಕೊಳೆಯುತ್ತದೆ. ಆಮೇಲೆ ಬಾಗಿಲು ತೆಗೆದರೆ ಉಬ್ಬರದ ಜೊತೆ ಮೀನು ಸೀಗಡಿ ಒಳಬಂದು ಅದನ್ನೇ ತಿಂದು ಬೆಳೆಯುತ್ತವೆ. ಅಂದರೆ ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಹೊಳೆ. ದೇಸಾಯಿಯವರ ಹಾಡಿನಲ್ಲಿ ಭತ್ತ ಒಂದು ಕಡೆ, ಮೀನು ಇನ್ನೊಂದು ಕಡೆ. ನಮ್ಮವರಿಗೆ ಎರಡೂ ಒಂದೇ ತುಂಡು ಭೂಮಿ.

ಆ ತುಂಡು ನಮ್ಮದಾಗಿರಲಿಲ್ಲ ಅಷ್ಟೇ. ಅಜ್ಜ ಅಜ್ಜಿ ಚಾಲಗೇಣಿಯಲ್ಲಿ ಮಾಡುತ್ತಿದ್ದರು. ಮೂಲಗೇಣಿಯವನಿಗಾದರೆ ಭೂಮಿಯ ಮೇಲೆ ಒಂದು ಗಟ್ಟಿ ಹಿಡಿತ. ಚಾಲಗೇಣಿಯವನ ಪಾಡು ಹಾಗಲ್ಲ. ಒಡೆಯ ಬಿಡು ಅಂದರೆ ಬಿಡಬೇಕು ಎಂಬ ಹೆದರಿಕೆ ಯಾವಾಗಲೂ ಇರುತ್ತಿತ್ತು. ಗೇಣಿಯನ್ನು ರಕ್ಷಿಸುವ ಕಾಯಿದೆ 1948ರಲ್ಲೇ ಮುಂಬೈ ಸರ್ಕಾರದಿಂದ ಬಂದಿತ್ತು, ನಿಜ. ಆದರೆ ಕಾಯಿದೆ ಓದಲು ಬರಬೇಕಲ್ಲ! ಕೊಯ್ದ ಭತ್ತದಲ್ಲಿ ಮೊದಲ ಕೊಳಗ ಒಡೆಯರ ಮನೆಗೆ. ಉಳಿದದ್ದು ದೀಪಾವಳಿ ದಾಟಿ ಎಷ್ಟು ದಿನ ಬಂದರೆ ಅಷ್ಟು. ಆಷಾಢದಲ್ಲಿ ತೆಳು ಗಂಜಿ, ಕೆಸುವಿನ ಸೊಪ್ಪು, ಇಳಿತದ ಹೊತ್ತಿನಲ್ಲಿ ಹೊಳೆಗಿಳಿದು ಆರಿಸಿದ ಬಳಚು.

ಸ್ವಾತಂತ್ರ್ಯ ಬಂದ ಮೇಲೆ ದೇಸಾಯಿಯವರು ಹಿಡಿದದ್ದು ಶಾಲೆಯ ಕೆಲಸ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಜಿಲ್ಲೆಯ ಊರೂರಲ್ಲಿ ಹೈಸ್ಕೂಲುಗಳು ಬಂದವು. 1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರ್ಷವಾದಾಗ, ಅಂಕೋಲೆಯಲ್ಲಿ ಅವರ ಹೆಸರಿನ ಕಾಲೇಜು. 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೂ ಹೋದರು. ನನ್ನ ಅಪ್ಪ ಟ್ರಸ್ಟಿನ ಹೈಸ್ಕೂಲಿನಲ್ಲಿ ಓದಿದ್ದು ಆ ವರ್ಷಗಳಲ್ಲೇ. ನಮ್ಮ ಮನೆತನದಲ್ಲಿ ಏಳನೇ ಇಯತ್ತೆ ದಾಟಿದ ಮೊದಲ ಮನುಷ್ಯ ಅವರು.

ಒಂದು ಸಂಜೆ ಅಪ್ಪ ಶಾಲೆಯಲ್ಲಿ ಕಲಿತ ಹಾಡನ್ನು ಚಿಮಣಿ ಬುಡ್ಡಿಯ ಮುಂದೆ ಕೂತು ಹೇಳಿದರಂತೆ. ಅಜ್ಜಿ ಒಲೆಯ ಮುಂದಿದ್ದವಳು ಪೂರ್ತಿ ಕೇಳಿದಳು. ಮೊದಲು ನಕ್ಕಳಂತೆ, "ಗಜನಿಗೆ ಗೊಬ್ಬರ ಯಾರು ಹಾಕ್ತಾರೋ ತಮಾ? ಹೊಳೆ ಮಣ್ಣೇ ಸಾಕು" ಅಂತ. ಅದು ಸರಿಯೇ, ಕಗ್ಗಕ್ಕೆ ಗೊಬ್ಬರ ಹಾಕುವ ರೂಢಿ ಇಲ್ಲ, ನೆರೆ ತಂದ ಗೋಡೇ ಅದಕ್ಕೆ ಗೊಬ್ಬರ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳಂತೆ:

"ಆ ತೆನಿ ಯಾರ ಮನಿಗೆ ಹೋಯ್ತು?"

ಅಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ಪದ್ಯದಲ್ಲಿ ಇರಲಿಲ್ಲ. ಮಾಸ್ತರರನ್ನು ಕೇಳುವ ಧೈರ್ಯವೂ ಇರಲಿಲ್ಲ. ಆದರೆ ಆ ಪ್ರಶ್ನೆಯನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಅಜ್ಜಿ ಹಾಡನ್ನು ತಪ್ಪಾಗಿ ಕೇಳಿಸಿಕೊಂಡಳು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಹೊಟ್ಟೆ ತುಂಬಿದವನಿಗೆ ತೆನೆ ಅಂದರೆ ಚಂದದ ಚಿತ್ರ. ಅಳೆದು ಕೊಟ್ಟವಳಿಗೆ ತೆನೆ ಅಂದರೆ ಲೆಕ್ಕ. ದೇಸಾಯಿಯವರಿಗೂ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು, ಅದಕ್ಕಾಗಿಯೇ ಅಲ್ಲವೇ ಗಡಿಪಾರಾಗಿದ್ದು?

ಉತ್ತರ ಬಂದದ್ದು 1974ರಲ್ಲಿ. ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಜಮೀನೆಲ್ಲ ಸರ್ಕಾರದ ವಶ, ಉಳುವವನು 7ನೇ ನಂಬರ್ ಫಾರಂ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಕೇಳಬೇಕು. ಫಾರಂ ತುಂಬಿದವರು ಅಪ್ಪ. ಮನೆಯಲ್ಲಿ ಅಕ್ಷರ ಬಲ್ಲವರು ಅವರೊಬ್ಬರೇ ತಾನೆ! ಒಂದು ಹಾಡಿನಿಂದ ಭೂಮಿ ಬಂತು ಅಂತ ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಘಟ್ಟದ ಮೇಲೆ 1951ರಲ್ಲಿ ಕಾಗೋಡಿನ ರೈತರು ಜೈಲಿಗೆ ಹೋಗಿದ್ದರು, ಇಲ್ಲಿ ರೈತಕೂಟ ದುಡಿದಿತ್ತು, ಇಂಥ ಎಷ್ಟೋ ಹೋರಾಟ ಸೇರಿ ಆದ ಕಾಯಿದೆ ಅದು. ಆದರೆ ಹಾಡು ಬರೆದವನೇ ಕಟ್ಟಿದ ಶಾಲೆಯಲ್ಲಿ ಕಲಿತ ಅಕ್ಷರ ಆ ಫಾರಂ ಮೇಲೆ ಬಿತ್ತು ಅನ್ನುವುದಂತೂ ನಮ್ಮ ಮನೆಯ ಸತ್ಯ. ಹಕ್ಕು ಸಿಕ್ಕ ವರ್ಷದ ಕೊಯ್ಲಿನಲ್ಲಿ ಅಜ್ಜಿ ಮೊದಲ ತೆನೆ ತಂದು ಬಾಗಿಲಿಗೆ ಕಟ್ಟಿ, "ಈಗ ಹೇಳೋ ನಿನ್ನ ಪದ" ಅಂದಳಂತೆ. ಅಪ್ಪ ಹೇಳಿದರಂತೆ. ತಾವರೆಯ ಭಾಗ ಬಂದಾಗ ಮಾತ್ರ "ಅದು ಬ್ಯಾಡ, ತಿನ್ನೂಕೆ ಬರೂದಿಲ್ಲ" ಅಂದಳಂತೆ ಮಹಾತಾಯಿ :-)

ದೇಸಾಯಿಯವರು 1982ರ ನವೆಂಬರಿನಲ್ಲಿ ತೀರಿಕೊಂಡರು.

ನಾನು ಕಾಲೇಜಿಗೆ ಬಂದಾಗ ಬಡತನದ ಹಾಡು ಅಂದರೆ ಸಿದ್ಧಲಿಂಗಯ್ಯನವರದು. 1975ರ 'ಹೊಲೆಮಾದಿಗರ ಹಾಡು' ಸಂಕಲನ, ಅದರ 'ನನ್ನ ಜನಗಳು'. ಹಾಸ್ಟೆಲಿನ ಗೆಳೆಯರು ತಮಟೆಯ ಜೊತೆ ಹಾಡುತ್ತಿದ್ದರೆ ಮೈಯೆಲ್ಲ ಜುಂ ಅನ್ನುತ್ತಿತ್ತು. ಆಗ ಅಪ್ಪನ ಹಾಡು ನನಗೆ ತೀರಾ ಸಾಧು ಅನ್ನಿಸಿತ್ತು. ಇಲ್ಲಿ ಕಲ್ಲು ಹೊರುವವರು, ಹಸಿದು ಸಾಯುವವರು ಎದುರಿಗೇ ಬಂದು ನಿಲ್ಲುತ್ತಾರೆ. ಅಲ್ಲಿ ಒಬ್ಬ ಒಳ್ಳೆಯ ಮನುಷ್ಯ ತನ್ನ ಬೂದಿಯ ಬಗ್ಗೆ ಮಾತಾಡುತ್ತಾನೆ. ರಜೆಯಲ್ಲಿ ಬಂದಾಗ ಇದನ್ನು ಅಪ್ಪನ ಹತ್ತಿರ ಹೇಳಿಯೂ ಬಿಟ್ಟೆ. ಅಪ್ಪ ಸಿಟ್ಟಾಗಲಿಲ್ಲ. "ಅವರ ಹಾಡು ಯಾರು ಹಸಿದರು ಅಂತ ಹೇಳ್ತದೆ. ಇದು ನೀನು ಏನು ಕೊಡ್ತೀಯಾ ಅಂತ ಕೇಳ್ತದೆ. ಎರಡೂ ಬೇಕು" ಅಂದರು. 2021ರ ಜೂನಿನಲ್ಲಿ ಸಿದ್ಧಲಿಂಗಯ್ಯನವರು ಕೊರೋನಾಕ್ಕೆ ಬಲಿಯಾದ ದಿನ ಅಪ್ಪನೇ ಫೋನ್ ಮಾಡಿ ಸುದ್ದಿ ಹೇಳಿದ್ದರು. ಆ ಮಾತು ಅವತ್ತು ಮತ್ತೆ ನೆನಪಾಗಿತ್ತು.

ಕಳೆದ ಮಳೆಗಾಲದಲ್ಲಿ ಅಪ್ಪ ಹೋದರು.

ಹೋಗುವ ಮೊದಲು ಹೇಳಿದ್ದರು: ಗೋಕರ್ಣಕ್ಕೆ ಒಯ್ಯುವುದನ್ನು ಒಯ್ಯಿರಿ, ಒಂದು ಮುಷ್ಟಿ ಮಾತ್ರ ಗಜನಿಗೆ. ಬೂದಿ ಹಿಡಿದುಕೊಂಡು ಒಡ್ಡಿನ ಮೇಲೆ ಹೋಗಿ ನಿಂತೆ. ನಿಂತ ಮೇಲೆ ಕಂಡದ್ದು ಏನು ಗೊತ್ತಾ? ಭತ್ತವೇ ಇಲ್ಲ! ನಾನು ಬೆಂಗಳೂರಿಗೆ ಬಂದ ಮೇಲೆ, ಅಪ್ಪನ ಕೈಲಾಗದ ಮೇಲೆ, ನಮ್ಮ ತುಂಡು ಪಾಳು ಬಿದ್ದು ವರ್ಷಗಳಾಗಿವೆ. ಒಡ್ಡು ಎರಡು ಕಡೆ ಒಡೆದಿದೆ. ಉಪ್ಪುನೀರು ಬೇಕಾದಾಗ ಬಂದು ಬೇಕಾದಾಗ ಹೋಗುತ್ತದೆ. 1990ರ ದಶಕದಲ್ಲಿ ಸೀಗಡಿ ಸಾಕಣೆಯ ಹುರುಪು ಬಂದಾಗಲೇ ಭತ್ತ ಬಿಟ್ಟವರು ಬಹಳ. ಗಜನಿಯ ಒಡ್ಡು ಒಬ್ಬನಿಂದ ನಿಲ್ಲುವಂಥದ್ದಲ್ಲ, ಊರೆಲ್ಲ ಸೇರಿ ಕಟ್ಟಬೇಕು. ಒಬ್ಬೊಬ್ಬರೇ ಬಿಟ್ಟ ಹಾಗೆ ಉಳಿದವರಿಗೂ ಬಿಡದೆ ದಾರಿಯಿಲ್ಲ. ಹಾಗೆ ಬಿಟ್ಟವರಲ್ಲಿ ನಾನೂ ಒಬ್ಬ, ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ.

ಬೂದಿಯನ್ನು ಆ ನೀರಿಗೇ ಬಿಟ್ಟೆ. ಮೀನಿನ ಪಾಲಿಗಾದರೂ ಸಿಕ್ಕಿತು ಅಂದುಕೊಂಡೆ.

ಈಗ ಜಾಗ ಕೊಡುತ್ತೀರಾ ಅಂತ ಕೇಳುವವರಿದ್ದಾರೆ. 2020ರ ತಿದ್ದುಪಡಿ ಕೃಷಿಕರಲ್ಲದವರೂ ಜಮೀನು ಕೊಳ್ಳುವ ದಾರಿ ತೆರೆಯಿತಲ್ಲ, ಹೆದ್ದಾರಿ, ರೈಲು ಎರಡೂ ಹತ್ತಿರ ಇರುವ ಊರು ಬೇರೆ. 2024ರಲ್ಲಿ ಅಘನಾಶಿನಿಯ ಅಳಿವೆ ರಾಮ್ಸಾರ್ ಪಟ್ಟಿ ಸೇರಿತು, ಜಗತ್ತು ಕಾಪಾಡಬೇಕಾದ ಜೌಗು ಪ್ರದೇಶ ಅಂತ. ಜಗತ್ತು ಕಾಪಾಡುವ ಜಾಗದಲ್ಲಿ ನನ್ನ ಪಾಲಿನ ಒಡ್ಡನ್ನು ನಾನೇ ಕಟ್ಟಿಲ್ಲ. ದುಡ್ಡಿನ ಅವಶ್ಯಕತೆ ಇಲ್ಲ ಅಂತ ಸುಳ್ಳು ಹೇಳಲಾರೆ, ಮನೆಸಾಲ ಎಲ್ಲರಿಗೂ ಇರುವ ಹಾಗೆ ನನಗೂ ಇದೆ. ಆದರೆ ಮಾರುತ್ತೇನೆ ಅನ್ನಲು ಬಾಯಿ ತೆರೆದಾಗಲೆಲ್ಲ ಅಜ್ಜಿಯ ಪ್ರಶ್ನೆ ಅಡ್ಡ ಬರುತ್ತದೆ. ಅವಳಿಗಿದ್ದ ಚಿಂತೆ ತೆನೆ ಯಾರ ಮನೆಗೆ ಹೋಯಿತು ಅಂತ. ನನ್ನ ಕಾಲಕ್ಕೆ ಮನೆ ಇದೆ, ಹಕ್ಕುಪತ್ರ ಇದೆ, ತೆನೆಯೇ ಇಲ್ಲ.

ಮೊನ್ನೆ ಮಗಳಿಗೆ ಈ ಹಾಡು ಕೇಳಿಸಿದೆ. "ಗಡಿಯಾರದ ಅಜ್ಜನೇ ಇದನ್ನೂ ಬರೆದದ್ದಾ?" ಅಂದಳು. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಅಜ್ಜನ ಬೂದಿಯಿಂದ ಭತ್ತ ಬಂತಾ?" ಅಂತ ಕೇಳಿದಳು.

ಮಾಣಿಕಟ್ಟದ ಕಡೆ ಕಗ್ಗದ ಬೀಜ ಉಳಿಸಿಕೊಂಡವರಿದ್ದಾರೆ. ಪಕ್ಕದ ಗಜನಿಯ ಮೂವರ ಹತ್ತಿರ ಫೋನಿನಲ್ಲಿ ಮಾತಾಡಿದ್ದೇನೆ. ಒಬ್ಬರು ಹೂಂ ಅಂದಿದ್ದಾರೆ, ಒಬ್ಬರು ನೋಡುವಾ ಅಂದಿದ್ದಾರೆ, ಇನ್ನೊಬ್ಬರು ನಕ್ಕಿದ್ದಾರೆ. ಮಳೆ ಹಿಡಿಯುವ ಮೊದಲು ಒಡ್ಡು ಕಟ್ಟಲು ನಾಲ್ಕು ದಿನ ರಜೆ ಹಾಕಿದ್ದೇನೆ. ಒಡ್ಡು ನಿಲ್ಲುತ್ತದೋ ಇಲ್ಲವೋ, ಗೊತ್ತಿಲ್ಲ. ಅಲ್ಲಿಯವರೆಗೆ ಮಗಳಿಗೆ "ಇನ್ನೂ ಇಲ್ಲ" ಅಂತ ಹೇಳಿದ್ದೇನೆ.

ನಿಮ್ಮ ಮನೆಯಲ್ಲೂ ಇಂಥ ಒಂದು ಹಾಡು, ಅದಕ್ಕೆ ಇಂಥ ಒಂದು ಪ್ರಶ್ನೆ ಕೇಳಿದ ಅಜ್ಜಿ ಇದ್ದರೆ ದಯವಿಟ್ಟು ಬರೆಯಿರಿ. ಓದಬೇಕು.