ಒಂದು ನದಿ, ಎರಡು ಆವೃತ್ತಿ: ಇಟೈಪು ಅಣೆಕಟ್ಟು ಕಲಿಸುವ ಪಾಠ

ದಕ್ಷಿಣ ಅಮೆರಿಕದ ಪರಾನಾ ನದಿ ಬ್ರೆಜಿಲ್‌ನಲ್ಲಿ ಹುಟ್ಟಿ, ಸ್ವಲ್ಪ ದೂರ ಬ್ರೆಜಿಲ್ ಮತ್ತು ಪರಾಗ್ವೆಗಳ ನಡುವಿನ ಗಡಿಯಾಗಿ ಹರಿದು, ಮುಂದೆ ಅರ್ಜೆಂಟೀನಾವನ್ನು ಸೇರುತ್ತದೆ. ಈ ಗಡಿಭಾಗದ ಮೇಲ್ತುದಿಯಲ್ಲಿ ಗುವೈರಾ ಎಂಬ ಜಲಪಾತಗಳ ಸಮೂಹವಿತ್ತು. ಅಲ್ಲಿನ ಗಡಿ ಯಾವುದು ಎಂಬುದೇ ನೂರು ವರ್ಷಗಳ ಜಗಳ. 1864ರಿಂದ 1870ರವರೆಗೆ ನಡೆದ ಯುದ್ಧದಲ್ಲಿ ಪರಾಗ್ವೆಯು ಬ್ರೆಜಿಲ್, ಅರ್ಜೆಂಟೀನಾ ಮತ್ತು ಉರುಗ್ವೆಗಳಿಗೆ ಸೋತಿತ್ತು. 1872ರ ಒಪ್ಪಂದ ಗಡಿಯನ್ನು ಬೆಟ್ಟಸಾಲಿನ ಗುಂಟ ಜಲಪಾತದವರೆಗೆ ಎಳೆಯಿತು. ಆದರೆ ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಗೆರೆ ಎಲ್ಲಿ ಹಾಯುತ್ತದೆ ಎಂಬುದನ್ನು ಎರಡೂ ದೇಶಗಳು ಬೇರೆ ಬೇರೆಯಾಗಿ ಓದಿಕೊಂಡವು.

1960ರ ದಶಕದಲ್ಲಿ ಬ್ರೆಜಿಲ್ ಈ ನೀರಿನಿಂದ ವಿದ್ಯುತ್ ತೆಗೆಯುವ ಯೋಚನೆ ಮಾಡಿದಾಗ ಹಳೆಯ ಜಗಳ ಮತ್ತೆ ಕೆರಳಿತು. 1965ರಲ್ಲಿ ಬ್ರೆಜಿಲ್‌ನ ಸೈನಿಕರು ವಿವಾದಿತ ಭೂಮಿಗೆ ಬಂದು ನಿಂತರು. ಬಲದಲ್ಲಿ ಪರಾಗ್ವೆ ಸಮನಲ್ಲ. ಆದರೂ ಮಾತುಕತೆ ನಡೆಯಿತು. 1966ರ ಜೂನ್‌ನಲ್ಲಿ ಇಬ್ಬರು ವಿದೇಶಾಂಗ ಮಂತ್ರಿಗಳು ಸಹಿ ಹಾಕಿದ 'ಇಗುವಾಸು ದಾಖಲೆ'ಯು ಗಡಿಯ ಪ್ರಶ್ನೆಯನ್ನು ಬಿಡಿಸಲಿಲ್ಲ. ಅದನ್ನು ಬದಿಗಿಟ್ಟು, ಆ ನೀರಿನಿಂದ ಸಿಗುವ ವಿದ್ಯುತ್ತು ಇಬ್ಬರಿಗೂ ಸಮಪಾಲು ಎಂದಿತು. ಕೊನೆಗೆ ಅಣೆಕಟ್ಟು ಬಂದದ್ದು ಜಲಪಾತದಿಂದ ಕೆಳಗೆ, ಇಟೈಪು ಎಂಬಲ್ಲಿ. ವಿವಾದಿತ ಭೂಮಿಯ ಒಂದು ಭಾಗ ಹಿನ್ನೀರಿನಲ್ಲಿ ಮುಳುಗಿತು. ಉಳಿದುದರಲ್ಲಿ ಎರಡೂ ದೇಶಗಳ ಜಂಟಿ ವನ್ಯಧಾಮ ತಲೆಯೆತ್ತಿತು.

ಸರಿಪಾಲಿನ ಯಂತ್ರ

1973ರ ಏಪ್ರಿಲ್ 26ರಂದು ಇಟೈಪು ಒಪ್ಪಂದವಾಯಿತು. ಅಣೆಕಟ್ಟಿನ ಒಡೆತನ ಎರಡು ದೇಶಗಳದು, ಬಂಡವಾಳ ಅರ್ಧರ್ಧ. ಪರಾಗ್ವೆಯ ಪಾಲಿನ 5 ಕೋಟಿ ಡಾಲರ್‌ಗಳನ್ನೂ ಬ್ರೆಜಿಲ್‌ನ ಬ್ಯಾಂಕೇ ಸಾಲವಾಗಿ ಕೊಟ್ಟಿತು. 1975ರಲ್ಲಿ ಕೆಲಸ ಆರಂಭವಾಯಿತು. ನದಿಯನ್ನು ತಿರುಗಿಸಲು ಬಂಡೆಯಲ್ಲಿ 2 ಕಿಲೋಮೀಟರ್ ಉದ್ದ, 150 ಮೀಟರ್ ಅಗಲ, 90 ಮೀಟರ್ ಆಳದ ಕಾಲುವೆ ಕೊರೆದರು. 196 ಮೀಟರ್ ಎತ್ತರದ, ಸುಮಾರು 8 ಕಿಲೋಮೀಟರ್ ಉದ್ದದ ಕಟ್ಟೆ ಎದ್ದಿತು.

ಇಲ್ಲೊಂದು ತಾಂತ್ರಿಕ ತೊಡಕು ಎದುರಾಯಿತು. ಪರಾಗ್ವೆಯ ಪರ್ಯಾಯ ವಿದ್ಯುತ್ತಿನ ಆವೃತ್ತಿ ನಮ್ಮಲ್ಲಿರುವಂತೆ 50 ಹರ್ಟ್ಸ್. ಬ್ರೆಜಿಲ್‌ನದು 60 ಹರ್ಟ್ಸ್. ಪರಾಗ್ವೆ 60ಕ್ಕೆ ಬದಲಾಯಿಸಿಕೊಳ್ಳಲಿ ಎಂಬ ಸಲಹೆ ಬಂದಾಗ ಆ ದೇಶ ಒಪ್ಪಲಿಲ್ಲ. ಹೀಗಾಗಿ ತಲಾ 700 ಮೆಗಾವಾಟ್‌ನ ಜನರೇಟರ್‌ಗಳಲ್ಲಿ ಅರ್ಧ 50 ಹರ್ಟ್ಸ್‌ಗೆ, ಅರ್ಧ 60 ಹರ್ಟ್ಸ್‌ಗೆ ತಯಾರಾದವು. ಆವೃತ್ತಿಯನ್ನು 120ರಿಂದ ಗುಣಿಸಿ ಧ್ರುವಗಳ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. 50 ಹರ್ಟ್ಸ್ ಯಂತ್ರಕ್ಕೆ 66 ಧ್ರುವ, ವೇಗ 90.9 ಸುತ್ತು, 60 ಹರ್ಟ್ಸ್ ಯಂತ್ರಕ್ಕೆ 78 ಧ್ರುವ, ವೇಗ 92.3 ಸುತ್ತು. ನೀರಿನ ಬೀಳು ಒಂದೇ ಆದ್ದರಿಂದ ವೇಗವೂ ಹೆಚ್ಚುಕಡಿಮೆ ಒಂದೇ, ಬದಲಾದದ್ದು ಧ್ರುವಗಳು.

ಪರಾಗ್ವೆಗೆ ತನ್ನ ಪಾಲಿನ ಅಲ್ಪಭಾಗ ಮಾತ್ರ ಸಾಕಾಗಿತ್ತು. ಉಳಿದ 50 ಹರ್ಟ್ಸ್ ವಿದ್ಯುತ್ತನ್ನು ಬ್ರೆಜಿಲ್‌ನ 60 ಹರ್ಟ್ಸ್ ಜಾಲಕ್ಕೆ ನೇರವಾಗಿ ಸೇರಿಸುವಂತಿಲ್ಲ. ಅದನ್ನು ನೇರ ವಿದ್ಯುತ್ತಾಗಿ ಪರಿವರ್ತಿಸಿ, ಧನ ಮತ್ತು ಋಣ 600 ಕಿಲೋವೋಲ್ಟ್ ಒತ್ತಡದಲ್ಲಿ ಸುಮಾರು 800 ಕಿಲೋಮೀಟರ್ ದೂರದ ಸಾವೊ ಪಾಲೊ ಕಡೆಗೆ ಒಯ್ದು, ಅಲ್ಲಿ ಮತ್ತೆ ಪರ್ಯಾಯ ವಿದ್ಯುತ್ತಾಗಿಸಿದರು. ನೇರ ವಿದ್ಯುತ್ತಿಗೆ ಆವೃತ್ತಿಯೇ ಇಲ್ಲದ ಕಾರಣ ಹೊಂದಾಣಿಕೆಯ ಸಮಸ್ಯೆಯೂ ಇಲ್ಲ. ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ 2003ರಲ್ಲಿ ಬಂದ 500 ಕಿಲೋವೋಲ್ಟ್ ಮಾರ್ಗವೂ ಇದೇ ಬಗೆಯದು. ಆಗ ಪೂರ್ವ ಮತ್ತು ದಕ್ಷಿಣದ ಜಾಲಗಳು ಒಂದೇ ತಾಳದಲ್ಲಿ ನಡೆಯುತ್ತಿರಲಿಲ್ಲ. ಚಿಕ್ಕ ದೇಶವೊಂದರ ಹಟವನ್ನು ಉಳಿಸಿಯೂ ಕೂಡಿ ಬಾಳಲು ಎಂಜಿನಿಯರಿಂಗ್ ಹೀಗೆ ದಾರಿ ಮಾಡಿಕೊಟ್ಟಿತು.

ಕೆಳಗಿನ ನೆರೆಯವನ ಭಯ

ನದಿಯ ಕೆಳಭಾಗದ ಅರ್ಜೆಂಟೀನಾ ಈ ಮಾತುಕತೆಯಲ್ಲಿ ಇರಲಿಲ್ಲ. ಮೇಲಿನವರು ನೀರು ತಡೆದರೆ, ಇಲ್ಲವೇ ಒಮ್ಮೆಲೇ ಬಿಟ್ಟರೆ ಗತಿಯೇನು ಎಂಬ ಭಯ ಅಲ್ಲಿತ್ತು. ಇನ್ನೊಂದು ಲೆಕ್ಕವೂ ಇತ್ತು. ಅರ್ಜೆಂಟೀನಾ ಮತ್ತು ಪರಾಗ್ವೆ ಕೆಳಗೆ ಕಾರ್ಪಸ್ ಎಂಬಲ್ಲಿ ಅಣೆಕಟ್ಟು ಕಟ್ಟಲು ಯೋಚಿಸಿದ್ದವು. ಅದರ ಹಿನ್ನೀರು ಎತ್ತರವಾದಷ್ಟೂ ಇಟೈಪುವಿನಲ್ಲಿ ನೀರಿನ ಬೀಳು ಕಡಿಮೆಯಾಗುತ್ತದೆ. ಇಟೈಪುವಿನ ಒಂದು ಟರ್ಬೈನಿಗೆ ಸುಮಾರು 118 ಮೀಟರ್ ಬೀಳಿನಲ್ಲಿ ಸೆಕೆಂಡಿಗೆ 690 ಘನ ಮೀಟರ್ ನೀರು ಬೇಕು. ಬೀಳು 10 ಮೀಟರ್ ತಗ್ಗಿದರೆ ಎಷ್ಟು ನಷ್ಟವೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು.

1979ರ ಅಕ್ಟೋಬರ್ 19ರಂದು ಮೂರು ದೇಶಗಳೂ ಒಪ್ಪಂದಕ್ಕೆ ಬಂದವು. ಕಾರ್ಪಸ್‌ನ ನೀರಿನ ಮಟ್ಟ ಸಮುದ್ರಮಟ್ಟದಿಂದ 105 ಮೀಟರ್. ಇಟೈಪುವಿನಿಂದ ಬಿಡುವ ನೀರಿನ ಏರಿಳಿತಕ್ಕೆ ಮಿತಿ. ಕಾರ್ಪಸ್ ಇಂದಿಗೂ ನಿರ್ಮಾಣವಾಗಿಲ್ಲ, ಆದರೆ ಒಪ್ಪಂದ ಉಳಿಯಿತು. ಪ್ರತಿಷ್ಠೆಯ ಮಾತು ಮೀಟರ್‌ಗಳ ಮಾತಾದಾಗ ಚೌಕಾಸಿ ಸಾಧ್ಯವಾಯಿತು.

ಇದರ ಮುಂದಿನ ಬೆಳವಣಿಗೆ ಇನ್ನೂ ಮುಖ್ಯ. ಬ್ರೆಜಿಲ್ ಮತ್ತು ಅರ್ಜೆಂಟೀನಾ ಆಗ ಪರಮಾಣು ತಂತ್ರಜ್ಞಾನದಲ್ಲಿ ಪೈಪೋಟಿ ನಡೆಸಿದ್ದವು. ನೀರಿನ ಜಗಳ ಮುಗಿದ ಮರುವರ್ಷವೇ, ಎರಡೂ ಕಡೆ ಸೈನಿಕ ಆಡಳಿತವಿದ್ದಾಗಲೇ, ಪರಮಾಣು ಸಹಕಾರಕ್ಕೆ ಸಹಿ ಬಿದ್ದಿತು. ಎರಡೂ ಕಡೆ ನಾಗರಿಕ ಸರ್ಕಾರ ಮರಳಿದ ಬಳಿಕ, 1985ರ ನವೆಂಬರ್‌ನಲ್ಲಿ ಅಧ್ಯಕ್ಷರಾದ ಸಾರ್ನೆ ಮತ್ತು ಆಲ್ಫೊನ್ಸಿನ್ ಇಟೈಪುವಿಗೆ ಹತ್ತಿರದ ಗಡಿಪಟ್ಟಣದಲ್ಲಿ ಭೇಟಿಯಾದರು. 1991ರಲ್ಲಿ ಒಬ್ಬರ ಪರಮಾಣು ಸ್ಥಾವರಗಳನ್ನು ಇನ್ನೊಬ್ಬರ ತಜ್ಞರು ಪರಿಶೀಲಿಸುವ ಜಂಟಿ ಸಂಸ್ಥೆ ಹುಟ್ಟಿತು. ಇದಕ್ಕೆಲ್ಲ ಅಣೆಕಟ್ಟೊಂದೇ ಕಾರಣವಲ್ಲ. ಪ್ರಜಾಪ್ರಭುತ್ವದ ಪಾತ್ರ ದೊಡ್ಡದು. ಆದರೆ ನೀರಿನ ಜಗಳ ಹಾಗೆಯೇ ಉಳಿದಿದ್ದರೆ ಈ ಬಾಗಿಲು ಅಷ್ಟು ಬೇಗ ತೆರೆಯುವುದು ಕಷ್ಟವಿತ್ತು.

ಬೆಲೆ ತೆತ್ತವರು

1982ರ ಅಕ್ಟೋಬರ್‌ನಲ್ಲಿ 1,350 ಚದರ ಕಿಲೋಮೀಟರ್ ವಿಸ್ತಾರದ ಜಲಾಶಯ ಕೇವಲ 14 ದಿನಗಳಲ್ಲಿ ತುಂಬಿತು. ಗುವೈರಾ ಜಲಪಾತ ಶಾಶ್ವತವಾಗಿ ಮುಳುಗಿತು. ಅದೇ ವರ್ಷದ ಜನವರಿಯಲ್ಲಿ, ಅದನ್ನು ಕೊನೆಯ ಬಾರಿ ನೋಡಲು ಬಂದವರ ಭಾರಕ್ಕೆ ಕಾಲುಸೇತುವೆ ಕುಸಿದು 32 ಮಂದಿ ಸತ್ತರು. ಬ್ರೆಜಿಲ್ ದಡದಲ್ಲೇ ಸುಮಾರು 40,000 ಮಂದಿ ನೆಲೆ ಕಳೆದುಕೊಂಡರು. ಅವಾ ಗುವಾರನಿ ಆದಿವಾಸಿಗಳ ಊರುಗಳೂ ಮುಳುಗಿದವು. 2025ರಲ್ಲಿ ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯ ಒಪ್ಪಿದ ಒಪ್ಪಂದದಂತೆ ಅವರಿಗಾಗಿ 3,000 ಹೆಕ್ಟೇರ್ ಭೂಮಿ ಕೊಳ್ಳುವುದೆಂದಾಯಿತು. ಅದಕ್ಕೆ 40 ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು.

ಪರಾಗ್ವೆಗೂ ಅಸಮಾಧಾನವಿತ್ತು. ಒಪ್ಪಂದದ ಪ್ರಕಾರ ತನ್ನ ಮಿಗುತೆಯನ್ನು ಬ್ರೆಜಿಲ್‌ಗೆ ಬಿಟ್ಟು ಬೇರೆಯವರಿಗೆ ಮಾರುವಂತಿರಲಿಲ್ಲ. ಸಿಕ್ಕ ಪರಿಹಾರವೂ ಕಡಿಮೆ. 2009ರ ಮಾತುಕತೆಯ ಫಲವಾಗಿ ಆ ಮೊತ್ತ 12 ಕೋಟಿಯಿಂದ 36 ಕೋಟಿ ಡಾಲರ್‌ಗೆ ಏರಿತು. ನಿರ್ಮಾಣದ ಸಾಲ ತೀರಿದ್ದು 2023ರಲ್ಲಿ. ಒಪ್ಪಂದಕ್ಕೆ 50 ವರ್ಷ ತುಂಬಿದ ಆ ವರ್ಷವೇ ಹಣಕಾಸಿನ ಷರತ್ತುಗಳ ಮರುಪರಿಶೀಲನೆಗೆ ಗಡುವು ಬಂದಿತು.

ಮೊದಲ ಯಂತ್ರ 1984ರ ಮೇ ತಿಂಗಳಲ್ಲಿ ತಿರುಗಿತು. 20 ಯಂತ್ರಗಳ ಒಟ್ಟು ಸಾಮರ್ಥ್ಯ 14,000 ಮೆಗಾವಾಟ್. 2016ರಲ್ಲಿ ಅಲ್ಲಿ 10,300 ಕೋಟಿ ಯೂನಿಟ್ ವಿದ್ಯುತ್ ಉತ್ಪಾದನೆಯಾಗಿ, ಆ ಕಾಲದ ವಿಶ್ವದಾಖಲೆಯಾಯಿತು. ಪರಾಗ್ವೆ ಮತ್ತು ಬ್ರೆಜಿಲ್‌ಗಳ ನಡುವೆ ಜಗಳ ನಿಂತಿಲ್ಲ, ಆದರೆ ಅದು ಈಗ ದರದ ಕುರಿತು, ಮೇಜಿನ ಸುತ್ತ ನಡೆಯುತ್ತದೆ. ಮೇಜಿನ ಬಳಿ ಕುರ್ಚಿಯಿದ್ದ ಮೂರು ದೇಶಗಳಿಗೆ ಶಾಂತಿ ದೊರೆಯಿತು; ಕುರ್ಚಿಯಿಲ್ಲದ ನದಿದಡದ ಜನ ಅದರ ಬೆಲೆ ತೆತ್ತರು. ನೆರೆಯವರ ನಡುವೆ ಮುಂದೆ ಇಂಥ ಯೋಜನೆಗಳನ್ನು ರೂಪಿಸುವ ಎಂಜಿನಿಯರ್‌ಗಳು ಈ ಎರಡನ್ನೂ ಒಟ್ಟಿಗೇ ನೆನಪಿಡಬೇಕು.