ಬಾಗಿಲು ಕಾಯುವ ಗಾಳಿ

ವೋಲ್ವೊ ಬಸ್ಸಿನ ಬಾಗಿಲು ಮುಚ್ಚುವಾಗ 'ಬುಸ್' ಎಂಬ ಸದ್ದು ಕೇಳಿರುತ್ತೀರಿ. ಈ ಬಸ್ಸುಗಳು ಬೆಂಗಳೂರಿಗೆ ಬಂದ 2006ರ ಸುಮಾರಿನಲ್ಲಿ ಬಹಳ ಜನರಿಗೆ ಅದು ಹೊಸ ಸದ್ದು. ಕಂಡಕ್ಟರ್ ಬಾಗಿಲೆಳೆದುಕೊಂಡು 'ರೈಟ್' ಎಂದು ಕೂಗುವುದೇ ನಮಗೆ ರೂಢಿ.

ಲಂಡನ್ನಿನ ಸುರಂಗ ರೈಲುಗಳಲ್ಲಿ ಈ ಸದ್ದಿಗೆ ನೂರು ವರ್ಷ ದಾಟಿದೆ. ಮೊದಲು ಅಲ್ಲಿಯೂ ಬಾಗಿಲು ಕಾಯಲು ಆಳುಗಳಿದ್ದರು. ಬೋಗಿಯ ತುದಿಯಲ್ಲಿ ಕಬ್ಬಿಣದ ಜಾಲರಿ ಗೇಟು. ಎರಡು ಬೋಗಿಗಳ ನಡುವೆ ಒಬ್ಬ ಗೇಟಿನವ. ಜನರನ್ನು ಇಳಿಸಿ ಹತ್ತಿಸಿ ಗೇಟು ಹಾಕಿದ ಮೇಲೆ ಹಿಂದಿನವನು ಗಂಟೆ ಬಾರಿಸಬೇಕು, ಅದನ್ನು ಕೇಳಿ ಅವನ ಮುಂದಿನವನು. ಹೀಗೆ ಗಂಟೆ ಸಾಲುಹಿಡಿದು ಮುಂದಕ್ಕೆ ತಲುಪಿದರಷ್ಟೇ ಗಾಡಿ ಹೊರಡುತ್ತಿತ್ತು. ಜನಸಂದಣಿ ಬೆಳೆದಂತೆ ತುದಿಬಾಗಿಲು ಸಾಲದಾಯಿತು. ಬೋಗಿಯ ಮಧ್ಯೆಯೂ ಬಾಗಿಲಿಟ್ಟರೆ ಅದನ್ನು ಕಾಯುವವರು ಯಾರು?

ಉತ್ತರ ಗಾಡಿಯಲ್ಲೇ ಇತ್ತು. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟ್ ಪಡೆದ ಗಾಳಿ ಬ್ರೇಕಿನ ದೆಸೆಯಿಂದ ರೈಲುಗಳಲ್ಲಿ ಒತ್ತಿ ತುಂಬಿದ ಗಾಳಿಯ ಟ್ಯಾಂಕು ಸಾಮಾನ್ಯವಾಗಿತ್ತು. ಅದೇ ಗಾಳಿಯನ್ನು ಸಿಲಿಂಡರಿಗೆ ಬಿಟ್ಟರೆ ಪಿಸ್ಟನ್ ಸರಿದು ಬಾಗಿಲನ್ನು ತಳ್ಳುತ್ತದೆ. 1920ರ ಸುಮಾರಿಗೆ ಪಿಕಡಿಲಿ ಮಾರ್ಗಕ್ಕೆಂದು ಇಂಥ ಬಾಗಿಲುಗಳ 40 ಬೋಗಿಗಳು ತಯಾರಾದವು. 1930ರ ಹೊತ್ತಿಗೆ ಗೇಟಿನ ಗಾಡಿಗಳು ಮರೆಯಾದವು, ಗೇಟಿನವರೂ ಕೂಡ. ಇದರಲ್ಲಿ ಸುರಕ್ಷತೆಯಷ್ಟೇ ಸಂಬಳದ ಲೆಕ್ಕವೂ ಇತ್ತೆನ್ನಬೇಕು.

ಆದರೆ ಗೇಟಿನವನಿಗೆ ಕಣ್ಣಿತ್ತು, ಗಾಳಿಗೆ ಇಲ್ಲ. ಅದಕ್ಕೇ ಬಾಗಿಲಿನ ಅಂಚಿಗೆ ಮೆತ್ತನೆಯ ರಬ್ಬರು. ಜೊತೆಗೆ ಪ್ರತಿ ಬಾಗಿಲಿಗೂ ಒಂದೊಂದು ವಿದ್ಯುತ್ ಸ್ವಿಚ್ಚು; ಒಂದು ಬಾಗಿಲು ತೆರೆದಿದ್ದರೂ ಹೊರಡುವ ಸೂಚನೆ ಸಿಗದು. ಗಾಳಿಯ ಒತ್ತಡವೇ ಬೀಗವಾಗಿರುವ ಬಾಗಿಲಲ್ಲಿ ಆ ಗಾಳಿಯನ್ನು ಹೊರಬಿಟ್ಟರೆ ಕೈಯಿಂದಲೇ ತಳ್ಳಿ ತೆರೆಯಬಹುದು. ಬಸ್ಸಿನ ಬಾಗಿಲ ಮೇಲಿರುವ ತುರ್ತು ಗುಂಡಿಯ ಕೆಲಸ ಇದೇ. ಮುಂದಿನ ಸಲ ಹತ್ತಿದಾಗ ಅದೆಲ್ಲಿದೆಯೆಂದು ನೋಡಿಟ್ಟುಕೊಳ್ಳಿ.

ಮುಂಬಯಿಯ ಲೋಕಲ್ ರೈಲುಗಳ ಕಥೆಯೇ ಬೇರೆ. ಅಲ್ಲಿ ತಾನೇ ಮುಚ್ಚುವ ಬಾಗಿಲಿನ ಹವಾನಿಯಂತ್ರಿತ ಗಾಡಿ ಓಡಿದ್ದು 2017ರ ಡಿಸೆಂಬರ್ 25ರಂದು. ಉಳಿದವುಗಳ ಬಾಗಿಲು ತೆರೆದೇ ಇದ್ದವು. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಗಾಡಿಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಬಿದ್ದು ಸತ್ತರು. ಸಾಮಾನ್ಯ ಬೋಗಿಗಳಿಗೂ ಬಾಗಿಲು ಮುಚ್ಚಬೇಕೆಂಬ ಮಾತು ಮತ್ತೆ ಎದ್ದಿತು. ಮುಚ್ಚಿದರೆ ಒಳಗಿನವರು ಉಸಿರಾಡುವುದು ಹೇಗೆ? ಬಾಗಿಲಿಗೆ ಗಾಳಿಕಂಡಿ ಬಿಟ್ಟು, ಛಾವಣಿಯಿಂದ ಹೊರಗಾಳಿ ತರುವ ಹೊಸ ಬೋಗಿಗಳನ್ನು ತಯಾರಿಸುವುದಾಗಿ ರೈಲ್ವೆ ಇಲಾಖೆ ಆ ದಿನಗಳಲ್ಲಿ ಹೇಳಿತು.