ಜಲ್ಲಿ ಗಿಡಿಯುವ ಕೈಗಳು

ರೈಲು ಹಳಿಯನ್ನು ನೆಲದಲ್ಲಿ ಹೂತು ನಿಲ್ಲಿಸಿರುವುದಿಲ್ಲ. ಜಲ್ಲಿಯ ಹಾಸಿನ ಮೇಲೆ ಸ್ಲೀಪರ್ ಎಂಬ ಅಡ್ಡತೊಲೆ, ಅದರ ಮೇಲೆ ಹಳಿ. ತಮ್ಮ ಭಾರದಿಂದಲೇ ಇವು ಕೂತಿರುತ್ತವೆ. ಗಾಡಿ ಹಾದಾಗಲೆಲ್ಲ ಜಲ್ಲಿ ಒಂದಿಷ್ಟು ಪುಡಿಯಾಗುತ್ತದೆ, ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ, ಹಳಿ ಅಲ್ಲಲ್ಲಿ ಕುಸಿಯುತ್ತದೆ. ಕುಸಿದಲ್ಲಿ ಎತ್ತಿ, ಸ್ಲೀಪರಿನ ಅಡಿಗೆ ಮತ್ತೆ ಜಲ್ಲಿ ಗಿಡಿಯುವುದೇ ಹಳಿ ದುರಸ್ತಿಯ ಬಹುದೊಡ್ಡ ಪಾಲು. ಮದ್ದೂರಿನಿಂದ ಮಂಡ್ಯ ದಾಟಿ ಶ್ರೀರಂಗಪಟ್ಟಣದವರೆಗಿನ ಮಾರ್ಗದಲ್ಲಿ ಈ ಕೆಲಸ ಮನುಷ್ಯನ ತೋಳಿನಿಂದ ಯಂತ್ರದ ತೋಳಿಗೆ ದಾಟಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ದಾಟುವಿಕೆ ಇನ್ನೂ ಪೂರ್ತಿಯಾಗಿಲ್ಲ.

ಬೆಂಗಳೂರು–ಮೈಸೂರು ಮಾರ್ಗ ಪೂರ್ಣಗೊಂಡದ್ದು 1882ರಲ್ಲಿ, 1876–78ರ ದೊಡ್ಡ ಬರದ ಬೆನ್ನಿಗೆ. ಅದು ಮೀಟರ್ ಗೇಜ್: ಹಳಿಗಳ ನಡುವೆ 1000 ಮಿ.ಮೀ. ಅಂತರ, ಹಗುರ ಹಳಿ, ನಾಲ್ಕು ಜನ ಹಿಡಿದರೆ ಕದಲುವ ಸ್ಲೀಪರ್. ಮಾರ್ಗವನ್ನು ತುಂಡು ಮಾಡಿ ಒಂದೊಂದು ತುಂಡನ್ನು ಒಂದೊಂದು ಗ್ಯಾಂಗಿಗೆ ವಹಿಸುತ್ತಿದ್ದರು. ಗ್ಯಾಂಗಿಗೊಬ್ಬ ಮೇಟ್, ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ಸಡಿಲವಾದ ಕೀಲಿಗಳನ್ನು ಬಡಿಯುವ ಒಬ್ಬ ಕೀಮ್ಯಾನ್, ಉಳಿದವರು ಗ್ಯಾಂಗ್‌ಮನ್‌ಗಳು. ಹಾರೆ ಹಾಕಿ ಹಳಿ ಎತ್ತಿದ ಮೇಲೆ ಬೀಟರ್ ಹಿಡಿದವರು ಹಳಿಯ ಎರಡೂ ಬದಿಗೆ ಎದುರುಬದುರಾಗಿ ನಿಂತು, ಒಂದೇ ತಾಳಕ್ಕೆ ಜಲ್ಲಿಯನ್ನು ಸ್ಲೀಪರಿನ ಅಡಿಗೆ ಹೊಡೆದು ಕೂರಿಸುತ್ತಿದ್ದರು. ಒಬ್ಬ ಸೋತರೆ ಆ ಬದಿ ಪೊಳ್ಳಾಗಿ ಉಳಿಯುತ್ತಿತ್ತು. ತಾಳ ತಪ್ಪದಂತೆ ಕೂಗು ಹಾಕುತ್ತಿದ್ದುದು ಬರೀ ಹುರುಪಿಗಲ್ಲ.

ಇಲ್ಲಿ ಮಂಡ್ಯಕ್ಕೇ ಸೇರಿದ ಒಂದು ಮಾತಿದೆ. ಹಳಿ ಹಾಕಿದಾಗ ಸುತ್ತಮುತ್ತಲಿನ ಹೊಲಗಳಲ್ಲಿ ಹೆಚ್ಚಿನವು ರಾಗಿಯ ಖುಷ್ಕಿ. ಅರ್ಧ ಶತಮಾನದ ಮೇಲೆ ಕನ್ನಂಬಾಡಿ ಕಟ್ಟೆ ತುಂಬಿ, ವಿಶ್ವೇಶ್ವರಯ್ಯ ನಾಲೆಯ ನೀರು ಬಂದು, ಅದೇ ಹೊಲಗಳು ಗದ್ದೆಯೂ ಕಬ್ಬಿನ ತೋಟವೂ ಆದವು. ರೈತನಿಗೆ ವರವಾದ ನೀರು ಹಳಿಗೆ ತಲೆನೋವು. ಅಡಿಮಣ್ಣು ನೆನೆದರೆ ಗಾಡಿಯ ಒತ್ತಡಕ್ಕೆ ಕೆಸರು ಮೇಲೆ ಉಕ್ಕಿ ಜಲ್ಲಿಯ ಸಂದಿಗಳನ್ನು ಮುಚ್ಚುತ್ತದೆ. ಆಮೇಲೆ ಎಷ್ಟು ಗಿಡಿದರೂ ನಿಲ್ಲದು. ಜಲ್ಲಿಯನ್ನೇ ಬಗೆದು, ಜರಡಿ ಹಿಡಿದು, ತೊಳೆದಂತೆ ಮಾಡಿ ಮರಳಿ ತುಂಬಬೇಕು. ಪಕ್ಕದ ಚರಂಡಿಯ ಹೂಳು ತೆಗೆಯದೆ ಈ ರಿಪೇರಿಗೆ ಅರ್ಥವೇ ಇಲ್ಲ.

ಯಂತ್ರದ ಕಥೆ ಯುರೋಪಿನದು. ಅದನ್ನು ತಯಾರಿಸುವ ಕಂಪನಿಗಳಲ್ಲಿ ಸ್ವಿಟ್ಜರ್ಲೆಂಡಿನ ಮಟೀಸಾ 1945ರಲ್ಲಿ, ಆಸ್ಟ್ರಿಯಾದ ಪ್ಲಾಸರ್ ಅಂಡ್ ಟ್ಯೂರರ್ 1953ರಲ್ಲಿ ಶುರುವಾದವು. ಪ್ಲಾಸರ್‌ನ ಭಾರತೀಯ ಕಾರ್ಖಾನೆ 1965ರಲ್ಲಿ ಫರೀದಾಬಾದಿಗೆ ಬಂತು. ಜಲ್ಲಿ ಗಿಡಿಯುವ ಈ ಟ್ಯಾಂಪಿಂಗ್ ಯಂತ್ರ ಮಾಡುವುದೂ ಬೀಟರಿನ ಕೆಲಸವನ್ನೇ. ಮೊದಲು ಹಳಿಯನ್ನು ಹಿಡಿದು ಬೇಕಾದ ಮಟ್ಟಕ್ಕೆ ಎತ್ತುತ್ತದೆ. ಉಕ್ಕಿನ ಹಲ್ಲುಗಳನ್ನು ಸ್ಲೀಪರಿನ ಎರಡೂ ಕಡೆ ಜಲ್ಲಿಗೆ ಇಳಿಸಿ, ಸೆಕೆಂಡಿಗೆ ಸುಮಾರು 35 ಬಾರಿ ಅದುರಿಸುತ್ತ, ಇಕ್ಕಳದಂತೆ ಒಳಕ್ಕೆ ಒತ್ತುತ್ತದೆ. ಅದುರುವಾಗ ಕಲ್ಲುಗಳು ದ್ರವದಂತೆ ಸರಿದು ಸಂದಿ ಹುಡುಕಿಕೊಳ್ಳುತ್ತವೆ. ಬಡಿದರೆ ಕಲ್ಲು ಒಡೆಯುತ್ತದೆ, ಒತ್ತಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ.

ಮಂಡ್ಯದ ಹಳಿಗೆ ಈ ಯಂತ್ರ ಅನಿವಾರ್ಯವಾದದ್ದು ಯಾರೋ ಆಧುನಿಕತೆಗೆ ಮನಸೋತದ್ದರಿಂದಲ್ಲ, ಸ್ಲೀಪರಿನ ತೂಕದಿಂದ. 1990ರ ದಶಕದಲ್ಲಿ, ಹಳಿಗಳನ್ನು ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆಯಡಿ, ಮಾರ್ಗ 1676 ಮಿ.ಮೀ. ಅಗಲದ ಬ್ರಾಡ್‌ಗೇಜ್ ಆಯಿತು. ಬ್ರಾಡ್‌ಗೇಜಿನ ಕಾಂಕ್ರೀಟ್ ಸ್ಲೀಪರ್ ಒಂದೊಂದೂ ಕಾಲು ಟನ್ನಿಗೆ ಮೀರಿದ ಭಾರ. ಕಿಲೋಮೀಟರಿಗೆ 1660ರಷ್ಟು ಬೇಕು. ಕೈಯಲ್ಲಿ ಎತ್ತುವಂತಿಲ್ಲ, ಬೀಟರಿನಿಂದ ಹೊಡೆದರೆ ಅಂಚು ಸಿಡಿಯುತ್ತದೆ. ಹೀಗಾಗಿ ಗ್ಯಾಂಗಿನ ಹಳೆಯ ಕಸುಬು ಕೆಲವೇ ವರ್ಷಗಳಲ್ಲಿ ಬದಿಗೆ ಸರಿಯಿತು.

ಆದರೆ ದೊಡ್ಡ ಯಂತ್ರಕ್ಕೆ ದೊಡ್ಡ ಯಂತ್ರದ ಜಂಬವಿದೆ. ಅದು ಹಳಿಯ ಮೇಲೆಯೇ ಬರಬೇಕು. ಎರಡು ನಿಲ್ದಾಣಗಳ ನಡುವೆ ಗಾಡಿಗಳನ್ನು ತಡೆದು ಬ್ಲಾಕ್ ಕೊಡಬೇಕು. ಕೆಲಸ ಮುಗಿಸಿ ಮತ್ತೆ ನಿಲ್ದಾಣಕ್ಕೆ ಸೇರಬೇಕು. ಶಿಂಷಾ ಸೇತುವೆಯ ಅಂಚಿನಲ್ಲಿ ಹತ್ತು ಸ್ಲೀಪರ್ ಕುಸಿದಿದ್ದರೆ ಅಷ್ಟಕ್ಕೆ ಅದನ್ನು ಕರೆಸುವುದು ದುಬಾರಿ. ಇಂಥ ಕಡೆ ಇಬ್ಬರು ಹೊತ್ತು ತರಬಹುದಾದ ಆಫ್ ಟ್ರ್ಯಾಕ್ ಟ್ಯಾಂಪರ್‌ಗಳು ಬಂದವು. ಗ್ಯಾಂಗ್ ಇವತ್ತಿಗೂ ಉಳಿದಿರುವುದು ಈ ಬಿಡಿ ಕೆಲಸಗಳಲ್ಲಿ, ಹೆಸರು ಮಾತ್ರ ಟ್ರ್ಯಾಕ್ ಮೇಂಟೇನರ್ ಎಂದು ಬದಲಾಗಿದೆ.

ಕೈಟ್ಯಾಂಪರಿಗೂ ದೈತ್ಯ ಯಂತ್ರಕ್ಕೂ ನಡುವಿನ ಈ ತೆರವನ್ನೇ ಯುರೋಪಿನ ತಯಾರಕರು ಮಣ್ಣು ಅಗೆಯುವ ಯಂತ್ರದಿಂದ ತುಂಬಿದರು. ನಮ್ಮಲ್ಲಿ ಹಿಟಾಚಿ ಎಂದೇ ಕರೆಯುವ ಎಕ್ಸ್‌ಕವೇಟರಿಗೆ ಉಕ್ಕಿನ ಗಾಲಿಗಳನ್ನು ಜೋಡಿಸಿದರೆ ಅದು ರಸ್ತೆಯಲ್ಲಿ ಬಂದು ಲೆವೆಲ್ ಕ್ರಾಸಿಂಗಿನ ಗೇಟಿನ ಬಳಿ ಹಳಿ ಹತ್ತಬಲ್ಲದು. ಬಕೆಟ್ ಕಳಚಿ ಟ್ಯಾಂಪಿಂಗ್ ಹಲ್ಲುಗಳ ಜೋಡಣೆ ಹಾಕಿದರೆ ಜಲ್ಲಿ ಗಿಡಿಯುತ್ತದೆ. ಸ್ಲೀಪರ್ ಹಿಡಿಕೆ ಹಾಕಿದರೆ ಕೆಟ್ಟ ಸ್ಲೀಪರನ್ನು ಅಡ್ಡಕ್ಕೆ ಎಳೆದು ಹೊಸತನ್ನು ತೂರಿಸುತ್ತದೆ. ಹಳಿ ಎತ್ತುವ ಇಕ್ಕಳ, ಪೊದೆ ಸವರುವ ಕತ್ತಿ, ಸ್ಲೀಪರಿನ ಅಡಿಯ ಕೊಳಕು ಜಲ್ಲಿ ಕೆರೆಯುವ ಸರಪಳಿಪಟ್ಟಿ, ಎಲ್ಲವೂ ಅದೇ ತೋಳಿನ ತುದಿಗೆ, ಅದೇ ಹೈಡ್ರಾಲಿಕ್ ಎಣ್ಣೆಯ ಬಲದಲ್ಲಿ. ಸ್ವೀಡನ್ನಿನಲ್ಲಿ ಹುಟ್ಟಿದ ಟಿಲ್ಟ್‌ರೊಟೇಟರ್ ಎಂಬ ಮಣಿಕಟ್ಟು ಬಂದ ಮೇಲೆ ತೋಳಿನ ತುದಿ ಓರೆಯಾಗಿಯೂ ಸುತ್ತಲೂ ತಿರುಗತೊಡಗಿತು. ಟ್ಯಾಂಪಿಂಗಿನ ಮಟ್ಟ ಮತ್ತು ವೇಗದಲ್ಲಿ ಇದು ಮೀಸಲು ಯಂತ್ರಕ್ಕೆ ಸಾಟಿಯಲ್ಲ. ಹತ್ತು ಸ್ಲೀಪರಿನ ಕೆಲಸಕ್ಕೆ ಅಷ್ಟು ನಾಜೂಕು ಬೇಕಾಗಿಯೂ ಇಲ್ಲ. ಎಕ್ಸ್‌ಕವೇಟರಿಗೇನೂ ಕರ್ನಾಟಕದಲ್ಲಿ ಬರವಿಲ್ಲ: ಕೆಜಿಎಫ್‌ನಲ್ಲಿ ಬೆಮೆಲ್, ಧಾರವಾಡದಲ್ಲಿ ಟಾಟಾ ಹಿಟಾಚಿ ಇವೆ. ಹಳಿಗೆಂದೇ ಮಾಡಿದ ಜೋಡಣೆಗಳಲ್ಲಿ ಮಾತ್ರ ಯುರೋಪಿನದೇ ಮೇಲುಗೈ.

ಇದೇ ಮಾರ್ಗದಲ್ಲಿ ಹೈಡ್ರಾಲಿಕ್ ಬಲ ಸುದ್ದಿಯಾದದ್ದು ಬೇರೆಯೇ ಕಾರಣಕ್ಕೆ. ಜೋಡಿ ಹಳಿ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಕೆಡವುವಂತಿರಲಿಲ್ಲ. 2017ರ ಮಾರ್ಚ್‌ನಲ್ಲಿ ಅಮೆರಿಕದ ವುಲ್ಫ್ ಕಂಪನಿಯ ನೆರವಿನಿಂದ, ಸಾವಿರ ಟನ್ನಿನಷ್ಟೆಂದು ಅಂದಾಜಿಸಿದ್ದ ಇಡೀ ಕಟ್ಟಡವನ್ನು ಜ್ಯಾಕುಗಳ ಮೇಲೆ ಎತ್ತಿ ಸುಮಾರು 130 ಮೀಟರ್ ಆಚೆ ಸಾಗಿಸಿದರು. ಹಳಿಗಾಗಿ ಇತಿಹಾಸ ಜರುಗಿ ಕೂತದ್ದು ಇಲ್ಲಿ ಅಕ್ಷರಶಃ ನಿಜ.

ಜೋಡಿ ಹಳಿಯ ಜೊತೆಗೆ ವಿದ್ಯುತ್ ತಂತಿಯೂ ಬಂತು. ತಲೆಯ ಮೇಲೆ 25,000 ವೋಲ್ಟ್ ಇರುವಾಗ ತೋಳು ಎತ್ತುವ ಯಂತ್ರಕ್ಕೆ ಎತ್ತರದ ಮಿತಿ ಬೇಕು; ಪಕ್ಕದ ಹಳಿಯಲ್ಲಿ ಗಾಡಿ ಓಡುತ್ತಿದ್ದರೆ ತೋಳು ತಿರುಗುವುದಕ್ಕೂ ಮಿತಿ. ಇನ್ನೊಂದು ತೊಡಕು ಕಣ್ಣಿಗೆ ಬೀಳುವುದು ಕಡಿಮೆ. ಅಪಘಾತ ತಪ್ಪಿಸಲು ಲೆವೆಲ್ ಕ್ರಾಸಿಂಗ್‌ಗಳನ್ನು ಮುಚ್ಚಿ ಕೆಳಸೇತುವೆ ಕಟ್ಟುವುದು ಸರಿಯಾದ ಕೆಲಸವೇ. ಆದರೆ ರಸ್ತೆಯ ಯಂತ್ರ ಹಳಿ ಹತ್ತುವುದು ಆ ಗೇಟುಗಳಲ್ಲಿಯೇ. ಗೇಟು ಮುಚ್ಚುವಾಗ ಪಕ್ಕದಲ್ಲಿ ಒಂದು ಹತ್ತುದಾರಿ ಉಳಿಸಿಕೊಳ್ಳದಿದ್ದರೆ ಈ ಯಂತ್ರದ ಮುಖ್ಯ ಅನುಕೂಲವೇ ಹೋಗುತ್ತದೆ.

ಇದೇ ಮಂಡ್ಯ ಜಿಲ್ಲೆಯ ಮಳವಳ್ಳಿಗೆ ಇನ್ನೂ ಹಳಿಯೇ ಇಲ್ಲ. ಆ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಶುರುವಾದ ವಿದ್ಯುದಾಗಾರದ ಭಾರಿ ಯಂತ್ರಭಾಗಗಳನ್ನು ಆನೆ, ಕುದುರೆ ಕಟ್ಟಿದ ಗಾಡಿಗಳಲ್ಲಿ ಸಾಗಿಸಿದ ಕಾಲದಲ್ಲಿ ಅಲ್ಲಿಗೆ ಹತ್ತಿರದ ರೈಲು ನಿಲ್ದಾಣ ಮದ್ದೂರು. ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಹಾಯುವ ಹೆಜ್ಜಾಲ–ಚಾಮರಾಜನಗರ ಮಾರ್ಗ 1996–97ರಲ್ಲಿ ಮಂಜೂರಾದರೂ ತಾಲ್ಲೂಕಿಗೆ ಗಾಡಿ ಬಂದಿಲ್ಲ. ಬಕೆಟ್ ಬಿಚ್ಚಿ ಬ್ರೇಕರ್ ಹಾಕಿ ಬಂಡೆ ಒಡೆಯುವ ಜೆಸಿಬಿ, ಹಿಟಾಚಿ ಆಪರೇಟರ್‌ಗಳು ಮಾತ್ರ ಇಲ್ಲಿಯೂ ಇದ್ದಾರೆ. ಜೋಡಣೆ ಬದಲಿಸುವುದು ಅವರಿಗೆ ಹೊಸದಲ್ಲ, ಬ್ಲಾಕ್ ಮುಗಿಯುವ ಗಳಿಗೆಗೆ ಹಳಿ ತೆರವು ಮಾಡುವ ಶಿಸ್ತು ಹೊಸದು. ಆ ಮಾರ್ಗ ಎಂದಾದರೂ ಕಾಗದದಿಂದ ಇಳಿದರೆ, ಯಂತ್ರ ಹತ್ತುವ ಜಾಗಗಳನ್ನು ನಕ್ಷೆಯಲ್ಲೇ ಗುರುತಿಸಿಕೊಳ್ಳಬಹುದು. 1882ರ ಎಂಜಿನಿಯರುಗಳಿಗೆ ಅಂಥ ಅಗತ್ಯವೇ ಇರಲಿಲ್ಲ.